ಬೆಳಗಿನ ಪಾಳಿಯ ಮಿಷನರಿ

ಊರಿಂದ ಫೋನ್ ಮಾಡುವವರಿಗೆಲ್ಲ ಒಂದೇ ಕುತೂಹಲ. ಅಲ್ಲಿ ಸುವಾರ್ತೆ ಹೇಗೆ ಹೇಳುತ್ತೀ, ಯಾವ ಭಾಷೆಯಲ್ಲಿ ಹೇಳುತ್ತೀ, ಕೇಳುವವರಾದರೂ ಇದ್ದಾರಾ? ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಭಾನುವಾರದ ಆರಾಧನೆಯಲ್ಲಿ "ಜರ್ಮನಿಗೆ ಮಿಷನರಿಯಾಗಿ ಹೋಗಿರುವ ನಮ್ಮ ಮಗಳಿಗಾಗಿ" ಅಂತ ತಪ್ಪದೆ ಪ್ರಾರ್ಥಿಸುತ್ತಾರಂತೆ. ಕೇಳಿದರೆ ಖುಷಿ, ಜೊತೆಗೆ ಮುಜುಗರ. ಯಾಕೆಂದರೆ ಈ ವಾರ ನಾನು ಯಾರಿಗೂ ಬೈಬಲಿನ ಒಂದು ವಚನವನ್ನೂ ಬೋಧಿಸಿಲ್ಲ. ಬ್ರೆಡ್ಡಿಗೆ ಬೆಣ್ಣೆ ಸವರಿದ್ದೇನೆ, ಅಂಚು ಕತ್ತರಿಸಿ ಸಣ್ಣ ತುಂಡು ಮಾಡಿ ಬಾಯಿಗಿಟ್ಟಿದ್ದೇನೆ, ಗಾಲಿಕುರ್ಚಿ ತಳ್ಳಿದ್ದೇನೆ, ಊದಿದ ಕಾಲಿಗೆ ಬಿಗಿಯಾದ ಕಾಲುಚೀಲ ಹಾಕಿಸಿದ್ದೇನೆ, ಒಂದು ದಿನವಂತೂ ಚರ್ಚಿನೊಳಗೇ ಲೆಕ್ಕವಿಲ್ಲದಷ್ಟು ತಟ್ಟೆ ಹೊತ್ತಿದ್ದೇನೆ. ಇದನ್ನು ಮಿಷನ್ ಅನ್ನಬಹುದಾ? ಅನ್ನಬಹುದು ಅಂತಲೇ ನನ್ನ ಅಭಿಪ್ರಾಯ. ಆದರೆ ಅದನ್ನು ಹೇಳಲು ಸ್ವಲ್ಪ ಸುತ್ತಬೇಕು.

ನಾನಿರುವುದು ಸ್ಟುಟ್‌ಗಾರ್ಟ್ ಹತ್ತಿರ, ನೆಕ್ಕರ್ ನದಿಯ ದಡದ ಒಂದು ಸಣ್ಣ ಊರಿನಲ್ಲಿ. ಕೆಲಸ ಚರ್ಚಿನವರು ನಡೆಸುವ ವೃದ್ಧಾಶ್ರಮದಲ್ಲಿ. ವೃದ್ಧಾಶ್ರಮ ಅಂದ ಕೂಡಲೇ ಮಕ್ಕಳು ಕೈಬಿಟ್ಟವರ ಜಾಗ ಅಂತ ನಮ್ಮ ಮನಸ್ಸಿಗೆ ಬರುತ್ತದೆ. ಇಲ್ಲಿ ಹಾಗಿಲ್ಲ. 1995ರಿಂದ ಈ ದೇಶದಲ್ಲಿ ಆರೈಕೆಗೇ ಅಂತ ಒಂದು ವಿಮೆ ಇದೆ. ದುಡಿಯುವಾಗಲೇ ಸಂಬಳದಿಂದ ಹಣ ಹೋಗುತ್ತಿರುತ್ತದೆ. ಮುಂದೆ ಕೈಕಾಲು ಆಡದಾಗ, ಎಷ್ಟು ನೆರವು ಬೇಕು ಅನ್ನುವುದನ್ನು 1ರಿಂದ 5ರವರೆಗಿನ ದರ್ಜೆಯಲ್ಲಿ ಅಳೆದು, ಅದಕ್ಕೆ ತಕ್ಕ ಹಾಗೆ ಕೊಡುತ್ತಾರೆ. ಪೂರ್ತಿ ಖರ್ಚಿಗೆ ಅದು ಸಾಲುವುದಿಲ್ಲ. ಉಳಿದದ್ದು ಪಿಂಚಣಿಯಿಂದ, ಉಳಿತಾಯದಿಂದ, ಅದೂ ಸಾಲದಿದ್ದರೆ ಸರ್ಕಾರದಿಂದ. ಹಣಕ್ಕೆ ಹೇಗೋ ದಾರಿ ಇದೆ. ಇಲ್ಲದಿರುವುದು ಕೈಗಳು.

2011ರವರೆಗೆ ಇಲ್ಲಿನ ಗಂಡುಹುಡುಗರಿಗೆ ಸೈನ್ಯದ ಸೇವೆ ಕಡ್ಡಾಯವಿತ್ತು. ಬಂದೂಕು ಹಿಡಿಯಲು ಮನಸ್ಸಾಕ್ಷಿ ಒಪ್ಪದವರು ಅದರ ಬದಲು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿಯಬಹುದಿತ್ತು. ಕಡ್ಡಾಯ ನಿಂತ ಕೂಡಲೇ ಅಷ್ಟೂ ಹುಡುಗರು ಇಲ್ಲದಂತಾದರು. ಅದೇ ವರ್ಷ ಸರ್ಕಾರ ಸ್ವಯಂಸೇವೆಯ ಹೊಸ ಯೋಜನೆ ತಂದಿತು: ಊಟ, ವಸತಿ, ಕೈಖರ್ಚಿಗೆ ಒಂದಿಷ್ಟು ಹಣ, ಜೊತೆಗೆ ತರಬೇತಿ ಶಿಬಿರಗಳು. ನನ್ನಂಥ ಹೊರದೇಶದವರೂ ಅದೇ ದಾರಿಯಲ್ಲಿ ಬರುತ್ತಾರೆ. ನನ್ನನ್ನು ಕರೆಸಿಕೊಂಡದ್ದು ಸ್ಟುಟ್‌ಗಾರ್ಟಿನಲ್ಲಿ ಕಚೇರಿ ಇರುವ ಇ.ಎಂ.ಎಸ್. ಅನ್ನುವ ಸಭೆಗಳ ಒಕ್ಕೂಟ. ದಕ್ಷಿಣ ಭಾರತದ ಪ್ರಾಟೆಸ್ಟೆಂಟ್ ಸಭೆಯಾದ ನಮ್ಮ ಸಿ.ಎಸ್.ಐ. ಕೂಡ ಅದರ ಸದಸ್ಯ. ಹಾಗಾಗಿ ಊರಲ್ಲಿ ನಾನು ಮಿಷನರಿ, ಇಲ್ಲಿನ ಕಾಗದಪತ್ರದಲ್ಲಿ ಸ್ವಯಂಸೇವಕಿ, ನಮ್ಮ ಎರಡನೇ ಮಹಡಿಯಲ್ಲಿ "ಆ ಇಂಡಿಯಾದ ಹುಡುಗಿ".

ಈ ಸೀಮೆಗೂ ನಮಗೂ ಹಳೆಯ ನಂಟು. ನಮ್ಮ ಕಡೆ ಕ್ರೈಸ್ತ ಧರ್ಮ ಸಾರಲು ಬಂದ ಬಾಸೆಲ್ ಮಿಷನ್ ಅಂದರೆ ಸ್ವಿಟ್ಜರ್ಲೆಂಡಿನದು ಅಂತ ನಾವು ತಿಳಿದಿರುತ್ತೇವೆ. ಕಚೇರಿ ಇದ್ದದ್ದು ಅಲ್ಲಿ ನಿಜ, ಆದರೆ ಮಂಗಳೂರು, ಧಾರವಾಡದ ಕಡೆ ಬಂದವರಲ್ಲಿ ಬಹಳ ಮಂದಿ ಈ ವುರ್ಟೆಂಬರ್ಗಿನ ಹಳ್ಳಿ ಹುಡುಗರು. 1834ರಲ್ಲಿ ಮಂಗಳೂರಿಗೆ ಬಂದ ಮೊದಲ ಮೂವರಲ್ಲಿ ಒಬ್ಬರಾದ ಹೆಬಿಕ್ ಉಲ್ಮ್ ಹತ್ತಿರದ ಊರಿನವರು. ಮಂಗಳೂರಿನಲ್ಲಿ ಮೊದಲ ಕನ್ನಡ ಪತ್ರಿಕೆ ತಂದ ಮೋಗ್ಲಿಂಗ್ ಹುಟ್ಟಿದ್ದು ಇಲ್ಲಿಂದ ದೂರವೇನಲ್ಲದ ಬ್ರಾಕೆನ್‌ಹೈಮ್‌ನಲ್ಲಿ, ತೀರಿಕೊಂಡದ್ದು 1881ರಲ್ಲಿ ಪಕ್ಕದ ಎಸ್ಲಿಂಗೆನ್‌ನಲ್ಲಿ. ಕನ್ನಡದ ಕೆಲಸಕ್ಕಾಗಿ ಅವರಿಗೆ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯ. ನಿಘಂಟಿನ ಕಿಟೆಲ್ ಮಾತ್ರ ಉತ್ತರದವರು, ಸಮುದ್ರದ ಕಡೆಯವರು. ಅವರೂ ಕೊನೆಗಾಲಕ್ಕೆ ಟ್ಯೂಬಿಂಗೆನ್‌ಗೇ ಬಂದರು. ನಮ್ಮ ಅಜ್ಜನ ಅಜ್ಜ ಮಂಗಳೂರಿನ ಮಿಷನ್ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಅಂದರೆ ಈ ಊರುಗಳ ಹೆಸರು ನಮ್ಮ ಮನೆಯಲ್ಲಿ ನಾನು ಹುಟ್ಟುವ ಮೊದಲೇ ಓಡಾಡುತ್ತಿದ್ದವು.

ಬೆಳಗಿನ ಪಾಳಿ ಆರೂವರೆಗೆ. ಜನವರಿಯಲ್ಲಿ ಆ ಹೊತ್ತಿಗೆ ಇನ್ನೂ ಪೂರ್ತಿ ಕತ್ತಲು. ರಾತ್ರಿ ಪಾಳಿಯವರು ಒಬ್ಬೊಬ್ಬರ ಸುದ್ದಿ ಹೇಳುತ್ತಾರೆ: ಯಾರು ಮಲಗಲಿಲ್ಲ, ಯಾರು ನೀರು ಕುಡಿಯಲಿಲ್ಲ, ಯಾರು ನಡುರಾತ್ರಿ ಎದ್ದು ಕೋಟು ಹಾಕಿಕೊಂಡು ಆಫೀಸಿಗೆ ಹೊರಟರು. ನಮ್ಮ ಮಹಡಿಯ ಹಿರಿಯ ನರ್ಸ್ ಕೇರಳದವರು. ಕೇರಳದ ನರ್ಸುಗಳು ಜರ್ಮನಿಗೆ ಬರತೊಡಗಿದ್ದು 1960ರ ದಶಕದಲ್ಲೇ, ಹಾಗಾಗಿ ಇವರನ್ನು ಯಾರೂ ವಿಶೇಷವಾಗಿ ನೋಡುವುದಿಲ್ಲ. ನಾನು ಚೇಚಿ, ಅಂದರೆ ಅಕ್ಕ, ಅಂತ ಕರೆಯುತ್ತೇನೆ. ಬಂದ ಹೊಸದರಲ್ಲಿ, ಕೆಲಸ ಶುರು ಮಾಡುವ ಮುಂಚೆ ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತಿದ್ದ ನನಗೆ ಅವರು ಹೇಳಿದ ಮಾತು ಇಷ್ಟೇ: "ಮೋಳೇ (ಮಗಳೇ), ಪ್ರಾರ್ಥನೆ ಮನೆಯಲ್ಲೇ ಮುಗಿಸಿ ಬಾ. ಇಲ್ಲಿ ಏಳನೇ ನಂಬರಿನವರು ಒದ್ದೆಯಲ್ಲಿ ಮಲಗಿದ್ದಾರೆ." ಚೇಚಿ ತಪ್ಪದೆ ಪೂಜೆಗೆ ಹೋಗುವ ಕ್ಯಾಥೊಲಿಕ್. ಆದರೂ ಹಾಗಂದರು. ಅಥವಾ ಹೋಗುವುದರಿಂದಲೇ ಹಾಗಂದರೋ ಏನೋ.

ಔಷಧಿ ಮುಟ್ಟುವ ಹಾಗಿಲ್ಲ, ಗಾಯ ಕಟ್ಟುವ ಹಾಗಿಲ್ಲ. ಉಳಿದದ್ದೆಲ್ಲ ನಮ್ಮಂಥವರಿಗೆ. ನುಂಗಲು ಕಷ್ಟವಿರುವವರಿಗೆ ನೀರನ್ನೂ ಪುಡಿ ಹಾಕಿ ಗಂಜಿಯ ಹದಕ್ಕೆ ತರಬೇಕು. ಯಾರಿಗೆ ಜಾಮ್, ಯಾರಿಗೆ ಜೇನು, ಯಾರ ಕಾಫಿ ಬಟ್ಟಲು ಅರ್ಧ ಮಾತ್ರ ತುಂಬಬೇಕು, ಎಲ್ಲ ಬಾಯಿಪಾಠ ಆಗಬೇಕು. ಮೂರು ಗಂಟೆಗೆ ಕಾಫಿ ಮತ್ತು ಕೇಕ್. ಸಂಜೆ ಐದೂವರೆಗೇ ರಾತ್ರಿ ಊಟ, ಅದೂ ತಣ್ಣಗಿನದು, ಬ್ರೆಡ್ಡು, ಚೀಸು, ಸೌತೆಕಾಯಿ ಉಪ್ಪಿನಕಾಯಿ. ರಾತ್ರಿ ಬಿಸಿ ಅನ್ನ ಸಾರು ಇಲ್ಲದೆ ಜನ ಹೇಗೆ ಬದುಕುತ್ತಾರೆ ಅನ್ನುವುದು ನನಗೆ ಇವತ್ತಿಗೂ ದೊಡ್ಡ ರಹಸ್ಯ.

ಸೋಮವಾರದ ತಿಂಡಿ ಹೊತ್ತು. ಕಿಟಕಿ ಪಕ್ಕದ ಮೇಜಿನ ಅಜ್ಜಿ ದಿನಾ ತಿಂಡಿಗೆ ಮುಂಚೆ ಒಂದು ಪುಟ್ಟ ನೀಲಿ ಪುಸ್ತಕ ತೆಗೆದು ಗಟ್ಟಿಯಾಗಿ ಓದುತ್ತಾರೆ. ಹೆರ್ನ್‌ಹೂಟ್ ಅನ್ನುವ ಊರಿನ ಸಭೆಯವರು 1731ರಿಂದ ವರ್ಷ ವರ್ಷ ಅಚ್ಚು ಹಾಕುತ್ತಿರುವ ದಿನವಚನದ ಪುಸ್ತಕ ಅದು. ಬೈಬಲಿನ ಹಳೆಯ ಒಡಂಬಡಿಕೆಯ ವಚನವನ್ನು ಚೀಟಿ ಎತ್ತಿ ಆರಿಸುತ್ತಾರೆ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಮಾತ್ರ ಕೂತು ಯೋಚಿಸಿ ಜೋಡಿಸುತ್ತಾರೆ. ಅಜ್ಜಿಗೆ ತೊಂಬತ್ತು ದಾಟಿದೆ. ಯುದ್ಧ ಮುಗಿದ ಮೇಲಿನ ಹಸಿವಿನ ವರ್ಷಗಳನ್ನು ಕಂಡವರು, ಇವತ್ತಿಗೂ ಒಂದು ತುಂಡು ಬ್ರೆಡ್ಡನ್ನು ಕರವಸ್ತ್ರದಲ್ಲಿ ಸುತ್ತಿ ಬಚ್ಚಿಡುತ್ತಾರೆ. ನಾವು ನೋಡಿಯೂ ನೋಡದ ಹಾಗೆ ಇರುತ್ತೇವೆ, ಮಧ್ಯಾಹ್ನ ಮೆಲ್ಲಗೆ ತೆಗೆಯುತ್ತೇವೆ.

ಅವತ್ತು ಓದಿ ಮುಗಿಸಿ, ನನ್ನ ಊರು ಯಾವುದು ಅಂತ ಕೇಳಿದರು. ಎಷ್ಟೋ ಸಲ ಹೇಳಿದ್ದೇನೆ, ಮರೆಯುತ್ತಾರೆ. ಈ ಸಲ ಉಡುಪಿ ಅನ್ನದೆ ಮಂಗಳೂರು ಅಂದೆ. ಅವರ ಕೈ ನಿಂತಿತು. "ಮಂಗಳೂರು. ನಾನು ಅಲ್ಲಿಗೆ ದುಡ್ಡು ಕಳಿಸಿದ್ದೆ."

ಚಿಕ್ಕವರಿದ್ದಾಗ ಅವರ ಸಂಡೇ ಸ್ಕೂಲಿನಲ್ಲಿ ಒಂದು ಕಾಣಿಕೆ ಪೆಟ್ಟಿಗೆ ಇತ್ತಂತೆ. ಮೇಲೆ ಮೊಣಕಾಲೂರಿ ಕೈಮುಗಿದ ಕಪ್ಪು ಮಗುವಿನ ಬೊಂಬೆ. ಕಾಸು ಹಾಕಿದರೆ ಬೊಂಬೆ ತಲೆಯಾಡಿಸಿ ಥ್ಯಾಂಕ್ಸ್ ಹೇಳುತ್ತಿತ್ತು. ಅದನ್ನು ನೋಡುವ ಆಸೆಗೇ ಅಪ್ಪನನ್ನು ಕಾಡಿ ಒಂದು ಫೆನಿಗ್ ಜಾಸ್ತಿ ಇಸಿದುಕೊಳ್ಳುತ್ತಿದ್ದರಂತೆ. ಇಂಥ ಪೆಟ್ಟಿಗೆಗಳು ಆಗ ಜರ್ಮನಿಯ ಚರ್ಚುಗಳಲ್ಲಿ ಮಾಮೂಲಿ; ಈಗ ಮ್ಯೂಸಿಯಂಗಳಲ್ಲಿವೆ, ಇಟ್ಟವರಿಗೆ ನಾಚಿಕೆ. ಕೇಳುತ್ತಾ ನನಗೆ ಒಳಗೆ ಚುರುಕ್ ಅಂದಿತು. ಆ ಬೊಂಬೆ ಆಫ್ರಿಕಾದ ಮಗುವೋ ಇಂಡಿಯಾದ ಮಗುವೋ, ಅವರ ಕಣ್ಣಿಗೆ ಎಲ್ಲ ಒಂದೇ. ನಮ್ಮವರನ್ನು ಹಾಗೆ, ಮೊಣಕಾಲೂರಿ ತಲೆಯಾಡಿಸುವವರಾಗಿ ನೋಡಿದ್ದಾರೆ ಅನ್ನುವುದನ್ನು ಪುಸ್ತಕದಲ್ಲಿ ಓದುವುದೇ ಬೇರೆ, ಆ ಕಾಸು ಹಾಕಿದ ಬೆರಳಿಗೆ ಅಂಟಿದ ಜಾಮ್ ಒರೆಸುತ್ತಾ ಕೇಳುವುದೇ ಬೇರೆ.

ಆಮೇಲೆ ಅವರು ಕೇಳಿದ್ದು ಇನ್ನೂ ಕಷ್ಟದ ಪ್ರಶ್ನೆ. "ಆ ದುಡ್ಡು ತಲುಪಿತಾ?"

ತಲುಪಿತು ಅಂದೆ. ಸುಳ್ಳಲ್ಲ. ಶಾಲೆ, ಅಚ್ಚಿನ ಮನೆ, ಆಸ್ಪತ್ರೆ, ಎಲ್ಲ ಇಂಥ ಹಳ್ಳಿಗಳ ಪುಡಿಗಾಸಿನಿಂದಲೂ ನಡೆದವು. ಕ್ರೈಸ್ತರಾದದ್ದಕ್ಕೆ ಜಾತಿಯವರು ಹೊರಗಿಟ್ಟ ಮೇಲೆ ಕೆಲಸವಿಲ್ಲದೆ ಕೂತವರಿಗೆ ನೇಯ್ಗೆ, ಹಂಚು ಕಲಿಸಿದರು. ನಮ್ಮ ಮನೆಯೂ ಅದರಿಂದಲೇ ನಿಂತದ್ದು. ಬೊಂಬೆಯ ಬಗ್ಗೆ ಏನೂ ಹೇಳಲಿಲ್ಲ. ತೊಂಬತ್ತು ದಾಟಿದವರಿಗೆ ಬೆಳಗ್ಗೆ ಎಂಟು ಗಂಟೆಗೆ ವಸಾಹತುಶಾಹಿಯ ಪಾಠ ಮಾಡುವುದು ನನಗೆ ಸರಿ ಕಾಣಲಿಲ್ಲ. ಆದರೆ ಎರಡೂ ನಿಜ ಅಂತ ನಾನು ಇಲ್ಲಿ ಬರೆದಿಡುತ್ತೇನೆ. ಪೆಟ್ಟಿಗೆಯ ಮೇಲಿನ ಅವಮಾನವೂ ನಿಜ, ಒಳಗಿನ ಕಾಸೂ ನಿಜ. ಊರಲ್ಲಿ ಕೆಲವರು ಮೊದಲನೆಯದನ್ನು ಮಾತ್ರ ಹೇಳುತ್ತಾರೆ, ನಮ್ಮ ಸಭೆಯವರು ಎರಡನೆಯದನ್ನು ಮಾತ್ರ. ಅಜ್ಜಿ ಖುಷಿಯಿಂದ ಎರಡನೇ ಬ್ರೆಡ್ ತಿಂದರು. ಮರುದಿನ ಮತ್ತೆ ನನ್ನ ಊರು ಯಾವುದು ಅಂತ ಕೇಳಿದರು.

ಬುಧವಾರ ನಮ್ಮನ್ನು ಸ್ಟುಟ್‌ಗಾರ್ಟಿನ ವೆಸ್ಪರ್ ಕಿರ್ಖೆಗೆ ಕಳಿಸಿದರು. ಇದನ್ನು ಒಂದು ಸಲ ನೋಡಲೇಬೇಕು. ಲಿಯೊನ್‌ಹಾರ್ಡ್ ಚರ್ಚು, ಊರ ನಡುವಿನ ಹಳೆಯ ಕಲ್ಲಿನ ಕಟ್ಟಡ. 1995ರಿಂದ ಪ್ರತಿ ಚಳಿಗಾಲ, ಜನವರಿಯಿಂದ ಮಾರ್ಚ್ ತನಕ ಕೆಲವು ವಾರ, ಅದರೊಳಗೆ ಊಟದ ಮೇಜು ಹಾಕುತ್ತಾರೆ. ತೀರಾ ಸಣ್ಣ ಮೊತ್ತಕ್ಕೆ ಬಿಸಿ ಊಟ, ಹೋಗುವಾಗ ಸಂಜೆಗೆ ಬ್ರೆಡ್ಡಿನ ಪೊಟ್ಟಣ. ವೈದ್ಯರೂ ಬರುತ್ತಾರೆ. ಮನೆಯಿಲ್ಲದವರು, ಕುಡಿತ ಬಿಡಲಾಗದವರು, ಪಿಂಚಣಿ ಸಾಲದ ವಿಧವೆಯರು, ಸುಮ್ನೆ ಮಾತಿಗೆ ಜನ ಬೇಕಾದವರು. ಪಕ್ಕದ ಬ್ಯಾಂಕಿನಿಂದ ಟೈ ಕಟ್ಟಿಕೊಂಡು ಬಂದು ಅದೇ ಬೆಂಚಿನಲ್ಲಿ ಕೂತು ಉಣ್ಣುವವರೂ ಇದ್ದಾರೆ. ಯಾರು ನೀನು, ಯಾವ ಸಭೆ, ನಂಬಿಕೆ ಉಂಟಾ ಅಂತ ಬಾಗಿಲಲ್ಲಿ ಯಾರೂ ಕೇಳುವುದಿಲ್ಲ.

ತಟ್ಟೆ ಹೊತ್ತು ಹೊತ್ತು ತೋಳು ಸೋತವು. ನಮ್ಮ ಚರ್ಚಿನ ಬೆಳೆ ಹಬ್ಬದ ದಿನ ಊಟ ಬಡಿಸುವಾಗಿನ ಗದ್ದಲ ಇಲ್ಲೂ ಇತ್ತು, ಏಲಂ ಕೂಗುವವರು ಮಾತ್ರ ಇರಲಿಲ್ಲ. ಒಬ್ಬ ಗಡ್ಡದ ಮನುಷ್ಯ ತನ್ನ ನಾಯಿಗೆ ಮೊದಲು ಮಾಂಸದ ತುಂಡು ಕೊಟ್ಟು, ಆಮೇಲೆ ತಾನು ತಿಂದ. ಇನ್ನೊಬ್ಬರು ಆಲೂಗಡ್ಡೆ ಬೆಂದಿಲ್ಲ ಅಂತ ನನಗೆ ಬೈದರು. ಬೈಸಿಕೊಂಡದ್ದು ನನಗೆ ಒಂಥರಾ ಹಿಡಿಸಿತು. ದಾನ ಪಡೆಯುವವನು ತೆಪ್ಪಗಿರಬೇಕು ಅನ್ನುವ ಲೆಕ್ಕ ಅಲ್ಲಿಲ್ಲ. ಆ ಮನುಷ್ಯ ಹೋಟೆಲಿನಲ್ಲಿ ಕೂತವನ ಹಾಗೆ ದೂರಿದ, ನಾನು ಬೇರೆ ತಟ್ಟೆ ತಂದೆ. ತಲೆಯಾಡಿಸುವ ಬೊಂಬೆ ಆಗುವ ಅಗತ್ಯ ಅವನಿಗಿರಲಿಲ್ಲ.

ರೈಲಿನಲ್ಲಿ ವಾಪಸ್ ಬರುವಾಗ ರೂಮ್‌ಮೇಟ್ ಜೊತೆ ಜಗಳದಂಥ ಮಾತಾಯಿತು. ಅವಳೂ ನನ್ನ ಹಾಗೇ ಸ್ವಯಂಸೇವಕಿ. ಲೈಪ್ಸಿಗ್‌ನವಳು, ಹಳೆಯ ಪೂರ್ವ ಜರ್ಮನಿ. ಆ ಕಡೆ ದೀಕ್ಷಾಸ್ನಾನ ಆದವರೇ ಕಡಿಮೆ, ಇವಳ ಮನೆಯಲ್ಲಿ ಎರಡು ತಲೆಮಾರಿನಿಂದ ಯಾರಿಗೂ ಆಗಿಲ್ಲ. ಆದರೂ ಅವಳ ಅಜ್ಜಿ 1989ರಲ್ಲಿ ಸೋಮವಾರದ ಪ್ರಾರ್ಥನೆಗೆ ನಿಕೊಲಾಯ್ ಚರ್ಚಿಗೆ ಹೋಗುತ್ತಿದ್ದರಂತೆ. ದೇವರಿಗಾಗಿ ಅಲ್ಲ, ಸರ್ಕಾರದ ವಿರುದ್ಧ ಬಾಯಿಬಿಡಲು ಬೇರೆ ಜಾಗ ಇರಲಿಲ್ಲ ಅದಕ್ಕೆ. ಅಕ್ಟೋಬರ್ 9ರ ಸೋಮವಾರ ಅಲ್ಲಿಂದ ಹೊರಟ ಮೆರವಣಿಗೆಯಲ್ಲಿ 70,000 ಜನ ಸೇರಿದರು, ಒಂದು ತಿಂಗಳಲ್ಲಿ ಬರ್ಲಿನ್ ಗೋಡೆ ತೆರೆಯಿತು. ಹಾಗಾಗಿ ಚರ್ಚಿನ ಬಗ್ಗೆ ಅವಳಿಗೆ ಗೌರವ ಇದೆ, ನಂಬಿಕೆ ಇಲ್ಲ. ಅವತ್ತು ಅವಳು ಕೇಳಿದ್ದು: "ನಾವಿಬ್ಬರೂ ಅದೇ ತಟ್ಟೆ ಹೊತ್ತೆವು. ಅದೇ ಪಾಳಿ, ಅದೇ ಕೈಖರ್ಚು. ನಿನ್ನದು ದೇವರ ಸೇವೆ, ನನ್ನದು ಬರೀ ಕೆಲಸ, ಹೇಗೆ?"

ನಮ್ಮ ಯುವಜನ ಕೂಟದಲ್ಲಿ ಇದಕ್ಕೆ ಸಿದ್ಧ ಉತ್ತರ ಇದೆ. ಕ್ರಿಸ್ತನಿಲ್ಲದ ಸೇವೆ ಬರೀ ಸಮಾಜಸೇವೆ, ಅದರಲ್ಲಿ ಪ್ರೀತಿ ಇರುವುದಿಲ್ಲ ಅಂತ. ಎಷ್ಟು ಸಲ ಕೇಳಿದ್ದೇನೋ ಗೊತ್ತಿಲ್ಲ, ಒಂದೆರಡು ಸಲ ನಾನೇ ವೇದಿಕೆ ಮೇಲೆ ಹೇಳಿದ್ದೇನೆ. ಆದರೆ ಅವಳ ಮುಖ ನೋಡಿಕೊಂಡು ಅದು ಬಾಯಿಗೆ ಬರಲಿಲ್ಲ. ಉಗುಳುವ ಅಜ್ಜನಿಗೆ ಊಟ ಮಾಡಿಸುವಾಗ ನನ್ನ ತಾಳ್ಮೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ, ಅವಳದು ಮುಗಿದದ್ದನ್ನು ನಾನು ನೋಡಿಲ್ಲ. ಬಟ್ಟೆ ಬದಲಿಸುವಾಗ ಬಾಗಿಲು ಮುಚ್ಚಿತೇ ಅಂತ ಎರಡು ಸಲ ನೋಡುವವಳು ಅವಳು. ಪ್ರೀತಿ ಇಲ್ಲ ಅನ್ನಲು ನಾನ್ಯಾರು?

ಗುರುವಾರ ನಮ್ಮ ಮಹಡಿಯಲ್ಲಿ ಒಬ್ಬರು ತೀರಿಕೊಂಡರು. ಆಫೀಸಿಗೆ ಹೊರಡುತ್ತಿದ್ದ ಆ ಕೋಟಿನ ಅಜ್ಜ. ಬೆಳಗ್ಗೆ ನಾವಿಬ್ಬರೇ ತಿಂಡಿ ತೆಗೆದುಕೊಂಡು ಹೋದವರು. ಚೇಚಿ ಬಂದು ನೋಡಿ, ಕಿಟಕಿ ತೆರೆದರು. ಬಾಗಿಲ ಮುಂದೆ ಸಣ್ಣ ಮೇಜಿನ ಮೇಲೆ ಮೇಣದಬತ್ತಿ ಇಟ್ಟರು. ಮಧ್ಯಾಹ್ನ ಸಭಾಪಾಲಕರು ಬಂದರು. ಕೆಲಸದವರು, ಅಜ್ಜನ ಮಗಳು, ಪಕ್ಕದ ಕೋಣೆಯವರು ಮಂಚದ ಸುತ್ತ ನಿಂತು ಒಂದು ಕೀರ್ತನೆ ಹಾಡಿದರು. ರಾಗ ನನಗೆ ಗೊತ್ತಿದ್ದದ್ದೇ, ಕರಾವಳಿಯ ನಮ್ಮ ಸಭೆಗಳಲ್ಲಿ ಹಾಡುವ ಎಷ್ಟೋ ರಾಗಗಳು ಇಲ್ಲಿಂದ ಬಂದವಲ್ಲವೇ. ಬಾಯಿಗೆ ಕನ್ನಡದ ಸಾಲುಗಳೇ ಬಂದವು. ನಾವು ಸ್ವಲ್ಪ ಬೇಗ ಹಾಡುತ್ತೇವೆ ಅಂತ ಕಾಣುತ್ತದೆ. ಗಾಲಿಕುರ್ಚಿಯಲ್ಲಿದ್ದ ಒಬ್ಬರು ನನ್ನ ಮೊಣಕೈ ತಟ್ಟಿ "ನಿಧಾನ, ನಿಧಾನ" ಅಂದರು. ನಮ್ಮಲ್ಲಿ ಸಾವಿನ ಮನೆ ಅಂದರೆ ಮರುದಿನದೊಳಗೆ ಮಣ್ಣು ಆಗಿಬಿಡುತ್ತದೆ. ಇಲ್ಲಿ ಅಂತ್ಯಕ್ರಿಯೆಗೆ ಒಂದು ವಾರವಾದರೂ ಕಾಯುವುದು ಸಾಮಾನ್ಯ. ಆದರೆ ಕೋಣೆ ಕಾಯುವುದಿಲ್ಲ. ಸರದಿಯಲ್ಲಿ ಬೇರೆಯವರಿದ್ದಾರೆ.

ಅವತ್ತು ಸಂಜೆ ರೂಮ್‌ಮೇಟ್ ನದಿ ದಂಡೆಯಲ್ಲಿ ಓಡಲು ಹೋದಳು. ಕತ್ತಲಲ್ಲಿ, ಆ ಚಳಿಯಲ್ಲಿ, ಬಹಳ ಹೊತ್ತು ಬರಲಿಲ್ಲ. ನಾನು ಅಡುಗೆಮನೆಯಲ್ಲಿ ಕೂತು ಕರ್ತನ ಪ್ರಾರ್ಥನೆ ಹೇಳಿಕೊಂಡೆ, ಆಮೇಲೆ ಇಪ್ಪತ್ತಮೂರನೇ ಕೀರ್ತನೆ, ಆಮೇಲೆ ಅಮ್ಮ ನಮ್ಮನ್ನು ಮಲಗಿಸುವಾಗ ತುಳುವಿನಲ್ಲಿ ಹೇಳುತ್ತಿದ್ದ ಸಣ್ಣ ಪ್ರಾರ್ಥನೆ. ಅವಳು ಬಂದವಳು ಬೂಟು ಬಿಚ್ಚದೆ ಪಕ್ಕದಲ್ಲಿ ಕೂತಳು. ಏನು ಹೇಳುತ್ತಿದ್ದೀ ಅಂದಳು. ಹೇಳಿದೆ. ಇನ್ನೊಮ್ಮೆ ಹೇಳು, ಗಟ್ಟಿಯಾಗಿ ಹೇಳು ಅಂದಳು. ಅರ್ಥ ಕೇಳಲಿಲ್ಲ. ಆಮೇಲೆ ಸಾರು ಬಿಸಿ ಮಾಡಿಕೊಂಡು ಉಂಡೆವು.

ರೈಲಿನ ಪ್ರಶ್ನೆಗೆ ನನಗೆ ತೋಚುವ ಉತ್ತರ ಇದು. ಕೆಲಸದಲ್ಲಿ ವ್ಯತ್ಯಾಸವಿಲ್ಲ. ನಂಬಿಕೆ ಇದ್ದವರ ಕೈ ಹೆಚ್ಚು ಬೆಚ್ಚಗಿರುತ್ತದೆ ಅನ್ನುವುದೆಲ್ಲ ನಾವು ನಮಗೇ ಕೊಟ್ಟುಕೊಳ್ಳುವ ಸರ್ಟಿಫಿಕೇಟು. ಪಾಳಿ ಮುಗಿದ ಮೇಲೆ, ಕಂಡದ್ದನ್ನೆಲ್ಲ ಯಾರ ಮುಂದೆ ಇಡಲಿ ಅಂತ ತಿರುಗಿದಾಗ ನನಗೆ ಒಬ್ಬರಿದ್ದಾರೆ. ಅವಳಿಗೆ ನದಿ ದಂಡೆ ಇದೆ. ನನ್ನದು ದೊಡ್ಡದು ಅಂತ ವಾದ ಮಾಡಲು ನನಗೆ ಮನಸ್ಸಿಲ್ಲ. ಆದರೆ ನನ್ನದು ಇಲ್ಲದಿದ್ದರೆ ಶುಕ್ರವಾರ ಬೆಳಗ್ಗೆ ಆರೂವರೆಗೆ ನಾನು ಅದೇ ಕೋಣೆಯ ಮುಂದೆ ಹಾದುಹೋಗಲು ಆಗುತ್ತಿರಲಿಲ್ಲ.

ಊರಿನ ಹಿರಿಯರಿಗೆ ಹೇಳಬೇಕು ಅಂತ ಇನ್ನೊಂದು ವಿಷಯ ಇಟ್ಟುಕೊಂಡಿದ್ದೇನೆ. 1833ರಲ್ಲಿ ಹ್ಯಾಂಬರ್ಗಿನಲ್ಲಿ ವಿಖರ್ನ್ ಅನ್ನುವ ಯುವಕ ಬೀದಿಮಕ್ಕಳಿಗೆ ಮನೆ ತೆರೆದ. ಮರುವರ್ಷ ಹೆಬಿಕ್ ಮತ್ತವರ ಜೊತೆಗಾರರು ಮಂಗಳೂರಿಗೆ ಬಂದರು. 1836ರಲ್ಲಿ ಕೈಸರ್ಸ್‌ವರ್ತ್‌ನಲ್ಲಿ ಫ್ಲೀಡ್ನರ್ ದಂಪತಿ ಹೆಣ್ಣುಮಕ್ಕಳಿಗೆ ಶುಶ್ರೂಷೆಯ ತರಬೇತಿ ಶುರು ಮಾಡಿದರು; ಮುಂದೆ ಫ್ಲಾರೆನ್ಸ್ ನೈಟಿಂಗೇಲ್ ಬಂದು ಕಲಿತದ್ದೂ ಅಲ್ಲೇ. ಮೂರೇ ವರ್ಷದ ಅಂತರ. ನಂಬಿಕೆ ಹೊಸದಾಗಿ ಚಿಗುರಿದ ಒಂದೇ ಉಜ್ಜೀವನದ ಕಾಲದ ಜನ, ಕೆಲವರು ಹಡಗು ಹತ್ತಿದರು, ಕೆಲವರು ತಮ್ಮದೇ ಊರಿನ ಗಲ್ಲಿಗೆ ಇಳಿದರು. ಊರಿನೊಳಗಿನ ಕೆಲಸವನ್ನೂ ವಿಖರ್ನ್ ಮಿಷನ್ ಅಂತಲೇ ಕರೆದರು. ನಮಗೆ ಹಡಗು ಹತ್ತಿದವರ ಕತೆ ಮಾತ್ರ ಬಂತು. ಹಾಗಾಗಿ ಬೆಣ್ಣೆ ಸವರುವವಳನ್ನು ಮಿಷನರಿ ಅನ್ನಲು ನಮ್ಮವರಿಗೆ ಕಷ್ಟ.

ಶನಿವಾರ ರಜೆ, ಆದರೆ ರಜೆಯಲ್ಲ. ನಮ್ಮ ಬಾಗಿಲಿಗೆ ಕೇರ್‌ವೋಖೆ ಫಲಕ ಬಿದ್ದಿತ್ತು. ಈ ಸೀಮೆಯಲ್ಲಿ ಒಂದೊಂದು ವಾರ ಒಂದೊಂದು ಮನೆಯವರು ಇಡೀ ಕಟ್ಟಡದ ಮೆಟ್ಟಿಲು, ಅಂಗಳ ಗುಡಿಸಿ ಒರೆಸಬೇಕು. ಕೆಳಗಿನ ಮನೆಯಾಕೆ ಕೈಬೆರಳಿನಿಂದ ಕಟಕಟೆ ಮುಟ್ಟಿ ನೋಡುತ್ತಾರೆ. ಈ ದೇಶದಲ್ಲಿ ಧರ್ಮ ಕಡಿಮೆಯಾಗಿದೆ ಅನ್ನುವವರು ಒಂದು ಸಲ ಇದನ್ನು ನೋಡಬೇಕು.

ಭಾನುವಾರ ಅಂಗಡಿ ಬಂದ್, ಚರ್ಚು ಖಾಲಿ. ಭಾನುವಾರದ ವಿಶ್ರಾಂತಿ ಇಲ್ಲಿ ಸಂವಿಧಾನದಲ್ಲೇ ಇದೆ, ಜನ ಅದನ್ನು ಮಲಗಲು ಬಳಸುತ್ತಾರೆ. ಚಳಿಗಾಲಕ್ಕೆ ದೊಡ್ಡ ಚರ್ಚನ್ನು ಬಿಸಿ ಮಾಡುವುದು ದುಬಾರಿ ಅಂತ ಆರಾಧನೆ ಪಕ್ಕದ ಸಭಾಂಗಣದಲ್ಲಿ. ಬಂದವರಲ್ಲಿ ಸಭೆಯ ಪೂರ್ಣ ಸದಸ್ಯರಾಗಲು ಕಲಿಯುವ ಅಂಗೀಕಾರದ ತರಗತಿಯ ಹುಡುಗರನ್ನು ಬಿಟ್ಟರೆ ಕರಿಕೂದಲು ನನ್ನದೊಂದೇ. ಇಲ್ಲಿ ಸಭೆಯ ಸದಸ್ಯರು ಆದಾಯ ತೆರಿಗೆಯ 8 ಪರ್ಸೆಂಟಿನಷ್ಟು ಹಣವನ್ನು ಚರ್ಚಿಗೆ ತೆರಿಗೆಯಾಗಿಯೇ ಕಟ್ಟುತ್ತಾರೆ, ಬೇಡ ಅನಿಸಿದರೆ ಸರ್ಕಾರಿ ಕಚೇರಿಗೆ ಹೋಗಿ ಹೊರಬರುತ್ತಾರೆ. 2022ರಲ್ಲಿ ಕ್ಯಾಥೊಲಿಕ್ ಸಭೆಯಿಂದಲೇ 5 ಲಕ್ಷಕ್ಕೂ ಹೆಚ್ಚು ಜನ ಹಾಗೆ ಹೊರಬಂದರು. ಆ ಹೊತ್ತಿಗಾಗಲೇ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಎರಡೂ ದೊಡ್ಡ ಸಭೆಗಳನ್ನು ಕೂಡಿಸಿದರೂ ದೇಶದ ಅರ್ಧ ಜನಸಂಖ್ಯೆ ಆಗದ ಸ್ಥಿತಿ ಬಂದಿತ್ತು. ಊರಿಂದ ನೋಡಿದರೆ ಇದು ಕತೆ ಮುಗಿದ ಹಾಗೆ ಕಾಣುತ್ತದೆ. ಬುಧವಾರ ಮಧ್ಯಾಹ್ನ ಲಿಯೊನ್‌ಹಾರ್ಡ್ ಚರ್ಚಿನಲ್ಲಿ ಕೂರಲು ಜಾಗ ಹುಡುಕಿದವಳಿಗೆ ಹಾಗೆ ಕಾಣುವುದಿಲ್ಲ.

ಸಂಜೆ ಅಮ್ಮನ ಫೋನ್. "ಎಂಥ ಮಾರಾಯ್ತಿ, ಊಟ ಸರಿ ಮಾಡ್ತೀಯಾ? ಇವತ್ತು ಆರಾಧನೆಗೆ ಎಷ್ಟು ಜನ ಇದ್ದರು?" ಎರಡನೆಯದಕ್ಕೆ ಉತ್ತರಿಸದೆ ಮೊದಲನೆಯದನ್ನೇ ಎಳೆದು ಹೇಳಿದೆ. ಅವರಿಗೆ ಇನ್ನೊಂದು ಬೇಡಿಕೆ. ಮೋಗ್ಲಿಂಗ್ ತೀರಿಕೊಂಡ ಊರು ಪಕ್ಕದಲ್ಲೇ ಉಂಟಲ್ಲ, ಅಲ್ಲಿನ ಒಂದೆರಡು ಫೋಟೋ ಕಳಿಸು, ಸಂಡೇ ಸ್ಕೂಲಿನ ಮಕ್ಕಳಿಗೆ ತೋರಿಸಬೇಕು ಅಂತ. ಮುಂದಿನ ಭಾನುವಾರ ನನಗೆ ಪಾಳಿ ಇಲ್ಲ, ಹಾಗಾಗಿ ಎಸ್ಲಿಂಗೆನ್‌ಗೆ ಹೋಗಿ ಅಲ್ಲಿನ ಆರಾಧನೆಗೇ ಕೂತು, ಆಮೇಲೆ ಊರು ಸುತ್ತುವುದು ಅಂತ ಆಗಿದೆ. ರೂಮ್‌ಮೇಟ್ ತಾನೂ ಬರುತ್ತೇನೆ ಅಂದಿದ್ದಾಳೆ. ಆರಾಧನೆಗೆ ಅಲ್ಲ, ಊರು ನೋಡಲು. ಅದು ಮುಗಿಯುವ ತನಕ ಹೊರಗೆ ಕಾಯುತ್ತಾಳಂತೆ. ಈ ಚಳಿಯಲ್ಲಿ ಎಷ್ಟು ಹೊತ್ತು ಕಾಯುತ್ತಾಳೋ ನೋಡೋಣ.